ಕಿಸಗಾರದ ಬುಡಕ್ಕೆ ಬೂದಿ ಸುಣ್ಣ ಬೇಡ

ಮಾನ್ಯರೇ,

ಕಿಸಗಾರ ಎನ್ನಿ, ಕೇಪಳ ಎನ್ನಿ, ಕುಸುಮಾಲೆ ಎನ್ನಿ, ಗಿಡ ಒಂದೇ. ಕಾರವಾರದಿಂದ ಭಟ್ಕಳದವರೆಗೆ ಚಿರೇಕಲ್ಲಿನ (ಜಂಬಿಟ್ಟಿಗೆಯ) ಗುಡ್ಡಗಳಲ್ಲಿ, ಘಟ್ಟ ಹತ್ತಿದರೆ ತೋಟಕ್ಕೆ ಸೊಪ್ಪು ತರುವ ಸೊಪ್ಪಿನಬೆಟ್ಟದ ಅಂಚಿನಲ್ಲಿ ಯಾರ ಆರೈಕೆಯೂ ಇಲ್ಲದೆ ವರ್ಷವಿಡೀ ಹಸಿರಾಗಿರುತ್ತದೆ, ಬೇಸಿಗೆ ಬಂದರೆ ಕೆಂಪು ಗೊಂಚಲು ಹೊರುತ್ತದೆ. ಅದೇ ಗಿಡ ಮನೆಯಂಗಳಕ್ಕೆ ಬಂದ ಎರಡು ಮೂರು ವರ್ಷಕ್ಕೆ ಹಳದಿ ತಿರುಗಿ ಸೊರಗುವುದನ್ನು ಎಷ್ಟೋ ಮನೆಗಳಲ್ಲಿ ಕಾಣುತ್ತೇವೆ. ಮಳೆಗಾಲ ಹತ್ತಿರ ಬಂದಿದೆ, ಗಿಡ ನೆಡುವವರು ಕಾರಣ ತಿಳಿದು ನೆಡಲಿ ಎಂದು ಈ ಪತ್ರ.

ಕಿಸಗಾರ ಕಾಫಿಯ ಕುಟುಂಬದ ಗಿಡ. ಅದಕ್ಕೆ ಬೇಕಾದದ್ದು ಹುಳಿ ಮಣ್ಣು. ಮಣ್ಣಿನ ಹುಳಿಯ ಅಳತೆಯಾದ ರಸಸಾರ (pH) 5ರಿಂದ 6ರ ಆಸುಪಾಸಿನಲ್ಲಿದ್ದರೆ ಸುಖವಾಗಿರುತ್ತದೆ. ನಮ್ಮ ಕೆಂಪು ಜಂಬಿಟ್ಟಿಗೆ ಮಣ್ಣು ಹುಟ್ಟಾ ಹುಳಿಯದೇ. ಅದನ್ನು ಕೆಡಿಸುವವರು ನಾವು. ಬಚ್ಚಲ ಒಲೆಯ ಬೂದಿ ಎಲ್ಲ ಗಿಡಕ್ಕೂ ಒಳ್ಳೆಯದೆಂದು ಇದರ ಬುಡಕ್ಕೂ ಸುರಿಯುತ್ತೇವೆ. ಅಡಿಕೆಗೆ ಬೋರ್ಡೊ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆದು ಉಳಿದ ಸುಣ್ಣದ ಬಗ್ಗಡವನ್ನು ಅಂಗಳದ ಮೂಲೆಗೆ ಚೆಲ್ಲುತ್ತೇವೆ. ಸೋಪಿನ ಬಚ್ಚಲ ನೀರನ್ನು ಬುಡಕ್ಕೇ ಹರಿಸುತ್ತೇವೆ. ಹೊಸ ಮನೆಗಳಲ್ಲಂತೂ ಗೋಡೆಗೆ ತಾಗಿಸಿ ಸಾಲಾಗಿ ನೆಡುತ್ತಾರೆ. ಗಾರೆ ಕೆಲಸದ ಸಿಮೆಂಟು ಚೂರು, ಬಣ್ಣ ಕೆರೆದ ಸುಣ್ಣ ಎಲ್ಲ ಅಲ್ಲಿಯೇ ಹೂತಿರುತ್ತದೆ. ಇವೆಲ್ಲವೂ ಮಣ್ಣನ್ನು ಕ್ಷಾರವಾಗಿಸುತ್ತವೆ. ಕ್ಷಾರ ಮಣ್ಣಿನಲ್ಲಿ ಕಬ್ಬಿಣದ ಅಂಶ ಎಷ್ಟೇ ಇದ್ದರೂ ಬೇರಿಗೆ ದಕ್ಕುವುದಿಲ್ಲ.

ಗುರುತಿಸುವುದು ಸುಲಭ. ತುದಿಯ ಎಳೆಯ ಎಲೆಯೊಂದನ್ನು ಬೆಳಕಿಗೆ ಹಿಡಿದು ನೋಡಿ: ನರಗಳು ಹಸಿರಾಗಿದ್ದು ನಡುವಿನ ಭಾಗವೆಲ್ಲ ಹಳದಿಯಾಗಿದ್ದರೆ ಅದು ಕಬ್ಬಿಣದ ಕೊರತೆ. ತೀರ ಹೆಚ್ಚಾದರೆ ಎಲೆ ಬೆಣ್ಣೆ ಬಣ್ಣಕ್ಕೆ ತಿರುಗಿ ಅಂಚು ಸುಡುತ್ತದೆ. ಆಗ ಒಂದು ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ ಸಂಜೆ ಹೊತ್ತು ಎಲೆಯ ಎರಡೂ ಬದಿಗೆ ಸಿಂಪಡಿಸಬೇಕು, 15 ದಿನ ಬಿಟ್ಟು ಇನ್ನೊಮ್ಮೆ. ನೆಲದ ಟೈಲ್ಸಿಗೂ ಬಟ್ಟೆಗೂ ಬಿದ್ದರೆ ಕಲೆ ಹೋಗುವುದಿಲ್ಲ, ಜೋಪಾನ. ಆದರೆ ಇದು ತಾತ್ಕಾಲಿಕ. ಬುಡದ ಗಾರೆ ಚೂರು ತೆಗೆದು, ಬೂದಿ ನಿಲ್ಲಿಸಿ, ದರಕು (ಒಣಗಿದ ಎಲೆ) ಮುಚ್ಚಿದ ಮೇಲೆ ಬರುವ ಚಿಗುರು ಹಸಿರಾದರೆ ಮಾತ್ರ ಗಿಡ ಸುಧಾರಿಸಿತೆಂದು ತಿಳಿಯಬೇಕು. ಹಳೆಯ ಎಲೆಗಳಲ್ಲಿ ನೇರಳೆ ಕಂದು ಚುಕ್ಕೆ ಕಂಡರೆ ಅದು ಬೇರೆ ತೊಂದರೆ, ಸಾಮಾನ್ಯವಾಗಿ ಪೊಟ್ಯಾಷ್ ಕೊರತೆ. ಅದಕ್ಕೂ ಬೂದಿ ಹಾಕಬೇಡಿ. ಸಲ್ಫೇಟ್ ಆಫ್ ಪೊಟ್ಯಾಷ್ 50 ಗ್ರಾಂ ಬುಡದ ಸುತ್ತ ಉದುರಿಸಿ ನೀರು ಕೊಟ್ಟರೆ ಸಾಕು.

ನೆಡುವ ಜಾಗ ಗೋಡೆಯಿಂದ ಮೂರು ಅಡಿ ದೂರವಿರಲಿ, ದಿನಕ್ಕೆ ಐದಾರು ತಾಸು ಬಿಸಿಲು ಬೀಳಲಿ. ನೆರಳಿನಲ್ಲಿ ಎಲೆ ಸೊಂಪಾಗಿರುತ್ತದೆ, ಹೂವು ಬರುವುದಿಲ್ಲ. ಗುಂಡಿ ಒಂದೂವರೆ ಅಡಿ ಉದ್ದ, ಅಗಲ, ಆಳ. ತಳದಲ್ಲಿ ಚಿರೇಕಲ್ಲಿನ ಪದರ ಸಿಕ್ಕರೆ ಪಿಕಾಸಿಯಿಂದ ಒಡೆದು ದಾರಿ ಮಾಡಲೇಬೇಕು, ಇಲ್ಲದಿದ್ದರೆ ಆಷಾಢದ ಮಳೆಗೆ ಗುಂಡಿ ತೊಟ್ಟಿಯಾಗಿ ಬೇರು ಕೊಳೆಯುತ್ತದೆ. ಎರಡು ಪಾಲು ಮೇಲ್ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಸಗಣಿ ಗೊಬ್ಬರ, 100 ಗ್ರಾಂ ಬೇವಿನ ಹಿಂಡಿ. ಬೇಲಿಗಾದರೆ ಎರಡೂವರೆ ಅಡಿಗೊಂದು, ಒಂಟಿ ಗಿಡವಾದರೆ ಐದು ಅಡಿ ಬಿಡಿ. ಮೂರು ನಾಲ್ಕು ಅಂಗುಲ ದರಕು ಹೊದಿಸಿ, ಕಾಂಡಕ್ಕೆ ತಾಗಿಸಬೇಡಿ. ಮೊದಲ ಬೇಸಿಗೆ ವಾರಕ್ಕೆರಡು ಸಲ ಒಂದೊಂದು ಕೊಡ ನೀರು ಬೇಕೇ ಬೇಕು.

ಕಡಲಂಚಿನವರಿಗೆ ಎರಡು ಮಾತು. ಚಿಪ್ಪಿನ ಚೂರು ತುಂಬಿದ ಮರಳೂ ಸುಣ್ಣವೇ, ಅಲ್ಲಿ ಕೆಂಪು ಮಣ್ಣು ತುಂಬಿದ ದೊಡ್ಡ ಕುಂಡವೇ ವಾಸಿ. ಏಪ್ರಿಲ್, ಮೇ ತಿಂಗಳಲ್ಲಿ ಬಾವಿ ನೀರು ಉಪ್ಪಾಗುವ ಮನೆಗಳಲ್ಲಿ ಎಲೆಯ ಅಂಚು ಒಣಗುತ್ತದೆ. ಬದನೆ, ಬೆಂಡೆ ಬೆಳೆದ ಮರಳು ಮಣ್ಣಿನ ಪಾತಿಯಲ್ಲಂತೂ ನೆಡಲೇಬಾರದು, ಬೇರಿನಲ್ಲಿ ಗಂಟು ಕಟ್ಟಿಸುವ, ಕಣ್ಣಿಗೆ ಕಾಣದ ಬೇರುಗಂಟು ಜಂತುಹುಳ ಇದಕ್ಕೆ ಬಲುಬೇಗ ತಗಲುತ್ತದೆ.

ಹೂವಿಲ್ಲ ಎಂಬ ದೂರಿಗೆ ಹೆಚ್ಚಾಗಿ ಕತ್ತರಿಯೇ ಹೊಣೆ. ಗೊಂಚಲು ಬರುವುದು ರೆಂಬೆಯ ತುದಿಯಲ್ಲಿ. ತಿಂಗಳಿಗೊಮ್ಮೆ ಬೇಲಿ ಸಮ ಮಾಡಿದರೆ ಮೊಗ್ಗನ್ನೇ ಕತ್ತರಿಸಿದಂತೆ. ಬೇಸಿಗೆಯ ಹೂವು ಮುಗಿದು ಮಳೆ ಹಿಡಿಯುವ ಹೊತ್ತಿಗೆ ವರ್ಷಕ್ಕೊಮ್ಮೆ ಮೂರರಲ್ಲಿ ಒಂದು ಪಾಲು ಕತ್ತರಿಸಿ. ಎಲೆ ಮೇಲೆ ಕಪ್ಪು ಮಸಿ ಕಂಡರೆ ಮಸಿಯನ್ನಲ್ಲ, ಎಲೆಯಡಿಗೆ ಅಂಟಿ ರಸ ಹೀರುವ ಶಲ್ಕಕೀಟವನ್ನು ಹುಡುಕಿ, ಅದು ಸುರಿಸುವ ಅಂಟಿನ ಮೇಲೆಯೇ ಮಸಿ ಬೆಳೆಯುವುದು. ಲೀಟರಿಗೆ 5 ಮಿಲಿ ಬೇವಿನೆಣ್ಣೆ, ಸ್ವಲ್ಪ ಸೋಪು ದ್ರಾವಣ ಸಾಕು.

ಕತ್ತರಿಸಿದ ರೆಂಬೆಯೇ ಹೊಸ ಗಿಡ. ಹಸಿರು ಹೋಗಿ ಕಂದು ತಿರುಗುತ್ತಿರುವ, ಹೂವಿಲ್ಲದ ತುಂಡು ಆರಿಸಿ. ಐದಾರು ಅಂಗುಲ ಉದ್ದ, ಗಿಣ್ಣಿನ ಕೆಳಗೇ ಕತ್ತರಿಸಿ. ತುದಿಯ ಎರಡು ಎಲೆ ಉಳಿಸಿ, ಅವನ್ನೂ ಅರ್ಧಕ್ಕೆ ಕತ್ತರಿಸಿ. ಬೇರು ಬರಿಸುವ ಪುಡಿಯಲ್ಲಿ ಅದ್ದಿ, ಎರಡು ಪಾಲು ಹೊಳೆ ಮರಳು, ಒಂದು ಪಾಲು ತೊಳೆದ ತೆಂಗಿನ ನಾರಿನ ಪುಡಿ ತುಂಬಿದ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಊರಿ, ಮಳೆ ಬಡಿಯದ ಸೂರಿನಡಿ ಇಡಿ. ಬೇರಿಗೆ ಆರರಿಂದ ಎಂಟು ವಾರ. ಬೇರು ಬಂತೇ ಎಂದು ಎಳೆದು ನೋಡುವ ಚಪಲದಿಂದಲೇ ಬಹಳ ತುಂಡುಗಳು ಸಾಯುತ್ತವೆ. ಕೊಟ್ಟೆಯ ತೂತಿನಿಂದ ಬಿಳಿ ಬೇರು ಇಣುಕುವವರೆಗೆ ಮುಟ್ಟಬೇಡಿ. ಬೇಸಿಗೆಯಲ್ಲಿ ನೀರು ಕೊಡಲಾಗದವರು ಮುಂದಿನ ಜೂನ್‌ವರೆಗೆ ಕೊಟ್ಟೆಯಲ್ಲೇ ಇಟ್ಟುಕೊಳ್ಳಲಿ.

ದಯವಿಟ್ಟು ಬೆಟ್ಟದಿಂದ ಕಿತ್ತು ತರಬೇಡಿ. ಕಲ್ಲಿನ ಸಂದಿಯಲ್ಲಿ ಇಳಿದ ತಾಯಿಬೇರು ತುಂಡಾದ ಗಿಡ ಬದುಕುವುದು ಅಪರೂಪ. ಅಲ್ಲಿಯೂ ಇಲ್ಲ, ಇಲ್ಲಿಯೂ ಇಲ್ಲ ಎಂದಾಗುತ್ತದೆ. ಆ ಉದ್ದ ಕೊಳವೆಯ ಹೂವಿನ ಮಕರಂದಕ್ಕೆ ನಮ್ಮ ರಾಜ್ಯದ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್ ಬರುತ್ತದೆ, ಹಣ್ಣಿಗೆ ಪಿಕಳಾರ ಬರುತ್ತದೆ. ಅವಕ್ಕೂ ಬೆಟ್ಟದಲ್ಲಿ ಗಿಡ ಉಳಿಯಬೇಕು.

ಕೊಳ್ಳುವವರು ಎಲೆ, ಎಸಳು ನೋಡಿ ಕೊಳ್ಳಲಿ. ಊರಿನ ಕಿಸಗಾರದ ಎಲೆಗೆ ತೊಟ್ಟು ಇಲ್ಲವೆನ್ನುವಷ್ಟು ಗಿಡ್ಡ, ಎಲೆಯ ಬುಡ ದುಂಡಗೆ ರೆಂಬೆಗೆ ಅಂಟಿಕೊಂಡಿರುತ್ತದೆ, ಹೂವಿನ ನಾಲ್ಕು ಎಸಳೂ ಚೂಪು. ಎಸಳು ಮೊಂಡಾಗಿದ್ದರೆ ಅದು ಕಿಸಗಾರದ ಬಳಗದ್ದೇ ಆದ ಚೀನಾ ಜಾತಿಯ ಇಕ್ಸೋರಾ. ಜಿಲ್ಲೆಯ ನರ್ಸರಿಗಳು, ಅರಣ್ಯ ಇಲಾಖೆಯ ಸಸ್ಯಕ್ಷೇತ್ರಗಳು ಜುಲೈ ತಿಂಗಳ ವನಮಹೋತ್ಸವಕ್ಕೆ ಸಾಗವಾನಿ, ಹಲಸಿನ ಜೊತೆಗೆ ಕಿಸಗಾರದ ಸಸಿಯನ್ನೂ ಬೆಳೆಸಿ, ಕೊಟ್ಟೆಗೆ ಊರಿನ ಹೆಸರಿನ ಚೀಟಿ ಕಟ್ಟಿ ಕೊಡಲಿ ಎಂಬುದು ನಮ್ಮ ಕೋರಿಕೆ. ಕಪ್ಪಾಗಿ ಕಳಿತ ಹಣ್ಣನ್ನು ಮರಳಲ್ಲಿ ಉಜ್ಜಿ ತಿರುಳು ತೆಗೆದು ಅದೇ ವಾರ ಬಿತ್ತಿದರೆ ಮೊಳೆಯುತ್ತದೆ. ಒಣಗಿಸಿ ಡಬ್ಬಿಯಲ್ಲಿಟ್ಟ ಬೀಜವನ್ನು ನಂಬಬೇಡಿ.

— ಕೈತೋಟದ ಆಸಕ್ತರು, ಕಾರವಾರ