ಬೆರ್ರಿ ಹಣ್ಣು ತಟ್ಟೆಯಲ್ಲಿರಲಿ, ಮಾತ್ರೆ ಡಬ್ಬಿಯಲ್ಲಿ ಬೇಡ

ಮಾನ್ಯ ಸಂಪಾದಕರೇ,

ನಿಮ್ಮ ಪುರವಣಿಯಲ್ಲಿ ಸೂಪರ್‌ಫುಡ್ ಬೆರ್ರಿಗಳ ಬಗ್ಗೆ ಬಂದ ಲೇಖನ ಓದಿದೆ. ಬ್ಲೂಬೆರ್ರಿ ಹೃದಯಕ್ಕೆ, ಗೋಜಿ ಕಣ್ಣಿಗೆ, ಕ್ರ್ಯಾನ್‌ಬೆರ್ರಿ ಮೂತ್ರಕೋಶಕ್ಕೆ, ಅಸಾಯಿ ತೂಕ ಇಳಿಸೋಕೆ. ಹೀಗೆ ಒಂದೊಂದು ಹಣ್ಣಿಗೆ ಒಂದೊಂದು ಕೆಲಸ ಹಂಚಿಬಿಟ್ಟಿದ್ದೀರಿ. ನಾನು ಆಸ್ಪತ್ರೆಯೊಂದರಲ್ಲಿ ಔಷಧ ಕೊಡುವ ಕಿಟಕಿಯ ಹಿಂದೆ ಕೂರುವವಳು. ಇಂಥ ಲೇಖನ ಬಂದ ಮೇಲೆ ಕೆಲವರು ವೈದ್ಯರ ಚೀಟಿಯ ಜೊತೆ ಪೇಪರ್ ತುಂಡನ್ನೂ ಕಿಟಕಿಯೊಳಗೆ ತೂರಿಸುತ್ತಾರೆ. ಹಣ್ಣಿನ ಬಗ್ಗೆ ಕೇಳುವವರು ಕಡಿಮೆ. ಕ್ಯಾಪ್ಸೂಲ್, ಪುಡಿ, ಜ್ಯೂಸ್ ಕೇಳುವವರೇ ಜಾಸ್ತಿ. ಅದಕ್ಕೇ ಈ ಪತ್ರ.

ಹಣ್ಣಿನ ಮೇಲೆ ನನಗೇನೂ ಸಿಟ್ಟಿಲ್ಲ. 100 ಗ್ರಾಂ ಸ್ಟ್ರಾಬೆರ್ರಿಯಲ್ಲಿ ಸುಮಾರು 59 ಮಿಲಿಗ್ರಾಂ ವಿಟಮಿನ್ ಸಿ ಇದೆ, ಕ್ಯಾಲೊರಿ ಬರೀ 32. ಅಷ್ಟೇ ತೂಕದ ರಾಸ್ಪ್‌ಬೆರ್ರಿಯಲ್ಲಿ ಆರೂವರೆ ಗ್ರಾಂ ನಾರು. ಇಷ್ಟು ನಾರು ಕೊಡುವ ಹಣ್ಣುಗಳು ತೀರಾ ಕಡಿಮೆ. ಎಲ್ಲರೂ ಹೊಗಳುವ ಬ್ಲೂಬೆರ್ರಿಯಲ್ಲಿ ವಿಟಮಿನ್ ಸಿ 10 ಮಿಲಿಗ್ರಾಂ ಆಸುಪಾಸು ಮಾತ್ರ. ಆ ಲೆಕ್ಕದಲ್ಲಿ ಅದು ಸಾಧಾರಣ ಹಣ್ಣೇ. ಅದರ ಹೆಚ್ಚುಗಾರಿಕೆ ಇರುವುದು ಸಿಪ್ಪೆಯ ಕಡುನೀಲಿ ಬಣ್ಣದಲ್ಲಿ. ಆ ಬಣ್ಣದ ಹೆಸರು ಆಂಥೋಸಯನಿನ್. ವಿಜ್ಞಾನಿಗಳು ಹಿಂದೆ ಬಿದ್ದಿರುವುದು ಅದರದೇ.

ಅಮೆರಿಕದಲ್ಲಿ ಸುಮಾರು 93,600 ನರ್ಸ್‌ಗಳನ್ನು 18 ವರ್ಷ ಗಮನಿಸಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ವಾರಕ್ಕೆ ಮೂರು ಸಲಕ್ಕಿಂತ ಜಾಸ್ತಿ ಬ್ಲೂಬೆರ್ರಿ, ಸ್ಟ್ರಾಬೆರ್ರಿ ತಿಂದವರಲ್ಲಿ ಹೃದಯಾಘಾತ ಸುಮಾರು ಮೂರನೇ ಒಂದು ಪಾಲು ಕಡಿಮೆ ಕಂಡಿತು. ಒಳ್ಳೆಯ ಸುದ್ದಿಯೇ. ಆದರೆ ಇದು ಗಮನಿಸಿದ ಲೆಕ್ಕ, ಹಣ್ಣು ಕೊಟ್ಟು ನೋಡಿದ ಪ್ರಯೋಗ ಅಲ್ಲ.

ಪ್ರಯೋಗವೂ ನಡೆದಿದೆ. 2019ರಲ್ಲಿ ಪ್ರಕಟವಾದ ಒಂದರಲ್ಲಿ, ತೂಕ, ಸೊಂಟದ ಸುತ್ತಳತೆ, ಬಿಪಿ ಇತ್ಯಾದಿ ತೊಂದರೆ ಒಟ್ಟಿಗೆ ಇದ್ದವರಿಗೆ ಆರು ತಿಂಗಳು ದಿನಕ್ಕೊಂದು ಕಪ್ ಬ್ಲೂಬೆರ್ರಿಗೆ ಸಮನಾದ ಒಣಪುಡಿ ಕೊಟ್ಟರು. ರಕ್ತನಾಳಗಳು ಹಿಗ್ಗುವ ಶಕ್ತಿ ಸುಧಾರಿಸಿತು. ಅರ್ಧ ಕಪ್‌ನವರಲ್ಲಿ ಆ ಫಲ ಕಾಣಲಿಲ್ಲ. ಬಿಪಿ ಇಳಿಯಲಿಲ್ಲ, ಇನ್ಸುಲಿನ್ ವಿಷಯದಲ್ಲೂ ಏನೂ ಬದಲಾಗಲಿಲ್ಲ. ಈ ಪ್ರಯೋಗಕ್ಕೆ ಬ್ಲೂಬೆರ್ರಿ ಬೆಳೆಗಾರರ ಮಂಡಳಿಯ ಹಣವೂ ಇತ್ತು, ಅದೂ ನೆನಪಿರಲಿ. ನನ್ನಂಥವಳ ಕಣ್ಣು ಹೋಗುವುದು ಅಳತೆಯ ಕಡೆಗೆ. ಒಂದು ಕಪ್‌ಗೆ ಅವರು ಕೊಟ್ಟ ಪುಡಿ ದಿನಕ್ಕೆ 26 ಗ್ರಾಂ. ಬರೀ ಒಣಪುಡಿ ತುಂಬಿದ ಅರ್ಧ ಗ್ರಾಂ ಕ್ಯಾಪ್ಸೂಲ್ ತಗೊಂಡರೆ ದಿನಕ್ಕೆ 52 ನುಂಗಬೇಕು. ಡಬ್ಬಿ ಮೇಲೆ ಎರಡು ಸಾಕು ಅಂತ ಬರೆದಿರುತ್ತಾರೆ.

ಜ್ಯೂಸ್ ಕಥೆ ಬೇರೆ. 2013ರಲ್ಲೇ ಬಂದ ಇನ್ನೊಂದು ದೊಡ್ಡ ಅಧ್ಯಯನದಲ್ಲಿ ಇಡೀ ಹಣ್ಣು, ಅದರಲ್ಲೂ ಬ್ಲೂಬೆರ್ರಿ ತಿನ್ನುವವರಲ್ಲಿ ಟೈಪ್ 2 ಸಕ್ಕರೆ ಕಾಯಿಲೆ ಕಡಿಮೆ ಕಂಡಿತು. ಹಣ್ಣಿನ ಜ್ಯೂಸ್ ಜಾಸ್ತಿ ಕುಡಿಯುವವರಲ್ಲಿ ತುಸು ಹೆಚ್ಚೇ ಕಂಡಿತು. ಸೋಸಿದಾಗ ನಾರು ಹೋಗುತ್ತದೆ, ಸಕ್ಕರೆ ಉಳಿಯುತ್ತದೆ. ಒಣಗಿಸಿದ ಕ್ರ್ಯಾನ್‌ಬೆರ್ರಿಯಂತೂ ಕೇಳಲೇಬೇಡಿ. ಹಸಿ ಹಣ್ಣಿನ 100 ಗ್ರಾಂನಲ್ಲಿ ಸಕ್ಕರೆ 4 ಗ್ರಾಂ ಅಷ್ಟೇ. ಆದರೆ ಅದು ಎಷ್ಟು ಹುಳಿ ಎಂದರೆ ಹಾಗೇ ತಿನ್ನೋಕಾಗಲ್ಲ. ಹಾಗಾಗಿ ಸಿಹಿ ಬೆರೆಸಿ ಒಣಗಿಸುತ್ತಾರೆ. ಆಗ 100 ಗ್ರಾಂನಲ್ಲಿ ಸಕ್ಕರೆ 60 ಗ್ರಾಂ ದಾಟುತ್ತದೆ. ಮಿಠಾಯಿ ಅನ್ನಿ, ತಪ್ಪಿಲ್ಲ.

ಕ್ರ್ಯಾನ್‌ಬೆರ್ರಿ ಮತ್ತು ಮೂತ್ರದ ಸೋಂಕಿನ ಬಗ್ಗೆ ನೀವು ಬರೆದದ್ದು ಅರ್ಧ ಸರಿ. ಸೋಂಕು ತರುವ ಇ. ಕೊಲೈ ಬ್ಯಾಕ್ಟೀರಿಯಾ ಮೂತ್ರಕೋಶದ ಗೋಡೆಗೆ ಅಂಟದಂತೆ ಆ ಹಣ್ಣಿನ ಕೆಲವು ಅಂಶಗಳು ತಡೆಯುತ್ತವೆ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಹಾಕಿ ತೂಗಿ ನೋಡುವ ಕೊಕ್ರೇನ್ ಸಂಸ್ಥೆ 50 ಅಧ್ಯಯನಗಳನ್ನು ಒಟ್ಟಿಗೆ ನೋಡಿ 2023ರಲ್ಲಿ ಮಾಡಿದ ವಿಮರ್ಶೆಯ ಪ್ರಕಾರ, ಪದೇ ಪದೇ ಸೋಂಕಾಗುವ ಹೆಂಗಸರಲ್ಲಿ ಮತ್ತು ಮಕ್ಕಳಲ್ಲಿ ಅದು ಮರುಕಳಿಸುವುದು ಕಡಿಮೆಯಾಗುತ್ತದೆ. ಇದು ಬರದಂತೆ ತಡೆಯುವ ಮಾತು. ಬಂದ ಸೋಂಕನ್ನು ಕ್ರ್ಯಾನ್‌ಬೆರ್ರಿ ವಾಸಿ ಮಾಡಲ್ಲ. ಉರಿ, ಜ್ವರ, ಬೆನ್ನು ನೋವು ಶುರುವಾದ ಮೇಲೂ ಜ್ಯೂಸ್ ಕುಡಿಯುತ್ತಾ ಕೂತರೆ ಸೋಂಕು ಮೂತ್ರಪಿಂಡಕ್ಕೆ ಏರಬಹುದು. ಆ ಒಂದು ಸಾಲು ನಿಮ್ಮ ಲೇಖನದಲ್ಲಿ ಇರಲಿಲ್ಲ.

ಇನ್ನು ಗೋಜಿ. ಈ ಪತ್ರ ಬರೆಯಲು ಮುಖ್ಯ ಕಾರಣವೇ ಅದು. ರಕ್ತ ಹೆಪ್ಪುಗಟ್ಟದಿರಲಿ ಎಂದು ವಾರ್ಫರಿನ್ ಮಾತ್ರೆ ನುಂಗುವವರಿದ್ದಾರೆ. ಅವರು ಆಗಾಗ ಐಎನ್‌ಆರ್ ಎಂಬ ರಕ್ತ ಪರೀಕ್ಷೆ ಮಾಡಿಸಬೇಕು. ಬಹುತೇಕರಿಗೆ ಅದು 2ರಿಂದ 3ರ ನಡುವೆ ಇರಬೇಕು. ಮೇಲೆ ಹೋದರೆ ರಕ್ತಸ್ರಾವದ ಭಯ. ಗೋಜಿ ಟೀ, ಗೋಜಿ ಜ್ಯೂಸ್ ಕುಡಿದ ವಾರ್ಫರಿನ್ ರೋಗಿಗಳಲ್ಲಿ ಐಎನ್‌ಆರ್ ಏರಿದ, ರಕ್ತ ಸೋರಿದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ನಮ್ಮ ಕಿಟಕಿಗೆ ಬರುವ ಹಿರಿಯರೊಬ್ಬರ ಚೀಟಿಯಲ್ಲಿ ಅಂಕಿ ಇದ್ದಕ್ಕಿದ್ದಂತೆ ಮೇಲೇರಿತ್ತು. ಹೊಸ ಔಷಧ ಏನಾದರೂ ಶುರು ಮಾಡಿದ್ದೀರಾ ಎಂದು ಕೇಳಿದೆ. ಇಲ್ಲ ಅಂದರು. ಬೇರೆ ಏನಾದರೂ? ಬೆಳಿಗ್ಗೆ ನೀರಿಗೆ ಒಂದು ಚಮಚ ಗೋಜಿ ಪುಡಿ ಹಾಕಿಕೊಳ್ಳುತ್ತಾರಂತೆ. "ಅದು ಔಷಧ ಅಲ್ವಲ್ಲ, ಹಣ್ಣು ತಾನೇ?" ಅಂದರು. ವೈದ್ಯರ ಹತ್ತಿರ ವಾಪಸ್ ಕಳಿಸಿದೆ. ಅವರು ಪುಡಿ ಬಿಡಿಸಿ ಮತ್ತೆ ಪರೀಕ್ಷೆ ಬರೆದುಕೊಟ್ಟರು. ಪುಡಿಯೇ ಕಾರಣ ಎಂದು ಪ್ರಮಾಣ ಮಾಡಿ ಹೇಳಲಾರೆ. ಆದರೆ ವಾರ್ಫರಿನ್ ತಗೊಳ್ಳುವವರು ಅದನ್ನು ಮುಟ್ಟದಿರುವುದೇ ಲೇಸು.

ಅಸಾಯಿಗೆ ಎರಡೇ ಮಾತು. ತೂಕ ಇಳಿಸುತ್ತದೆ ಎಂಬುದಕ್ಕೆ ಗಟ್ಟಿ ಆಧಾರ ಇಲ್ಲ. ಸುದ್ದಿ ತಾಣದ ವೇಷ ಹಾಕಿ ಅಸಾಯಿ ಮಾತ್ರೆ ಮಾರುತ್ತಿದ್ದವರ ಮೇಲೆ ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2011ರಲ್ಲಿ ಕೋರ್ಟಿಗೆ ಹೋಗಿತ್ತು.

ಜಾಹೀರಾತಿನಲ್ಲಿ "ಓರಾಕ್" ಅಂಕಿ ಕಂಡರೂ ಮರುಳಾಗಬೇಡಿ. ಆಹಾರದ ಆಂಟಿಆಕ್ಸಿಡೆಂಟ್ ಶಕ್ತಿಯನ್ನು ಪ್ರಯೋಗನಳಿಕೆಯಲ್ಲಿ ಅಳೆದ ಲೆಕ್ಕ ಅದು. ಮೈಯೊಳಗೆ ಏನಾಗುತ್ತದೆ ಎಂದು ಅದು ಹೇಳಲ್ಲ. ದುರ್ಬಳಕೆ ಆಗುತ್ತಿದೆ ಎಂದು ಅಮೆರಿಕದ ಕೃಷಿ ಇಲಾಖೆಯೇ ತಾನು ಪ್ರಕಟಿಸಿದ್ದ ಆ ಅಂಕಿಗಳ ಪಟ್ಟಿಯನ್ನು 2012ರಲ್ಲಿ ತೆಗೆದುಹಾಕಿತು.

ಹಾಗಾದರೆ ಹೇಗೆ ತಿನ್ನೋದು? ಸುಮ್ನೆ ತಿನ್ನಿ. ಮೊಸರಿಗೆ ಹಾಕಿ, ಓಟ್ಸ್ ಗಂಜಿಗೆ ಹಾಕಿ. ಹೆಪ್ಪುಗಟ್ಟಿಸಿದ ಬೆರ್ರಿಯೂ ಪೌಷ್ಟಿಕತೆಯಲ್ಲಿ ತಾಜಾ ಹಣ್ಣಿನ ಹತ್ತಿರವೇ ಇರುತ್ತದೆ. ಆದರೆ ಅದರಿಂದ ಹೆಪಟೈಟಿಸ್ ಎ ಎಂಬ ಯಕೃತ್ತಿನ ಸೋಂಕು ಹರಡಿದ್ದುಂಟು. 2013ರಲ್ಲಿ ಯುರೋಪಿನ ಹಲವು ದೇಶಗಳಲ್ಲಿ ಹಾಗಾಯಿತು. ಮಕ್ಕಳಿಗೆ, ಬಸುರಿಯರಿಗೆ, ವಯಸ್ಸಾದವರಿಗೆ ಕೊಡುವುದಾದರೆ ಒಮ್ಮೆ ಕುದಿಸಿ. ತಾಜಾ ಹಣ್ಣನ್ನು ತಂದ ಕೂಡಲೇ ತೊಳೆದಿಡಬೇಡಿ, ತೇವಕ್ಕೆ ಬೂಷ್ಟು ಹಿಡಿಯುತ್ತದೆ. ತಿನ್ನುವ ಮುಂಚೆ ತೊಳೆದರೆ ಸಾಕು. ಬ್ಲೂಬೆರ್ರಿ ಮೇಲಿನ ಬಿಳಿ ಪುಡಿ ಔಷಧ ಸಿಂಪಡಿಸಿದ್ದಲ್ಲ, ಹಣ್ಣಿನದೇ ಮೇಣ. ಕೇಕ್‌ನಲ್ಲಿ ಅಡುಗೆ ಸೋಡಾ ಜಾಸ್ತಿಯಾದರೆ ಅದೇ ಹಣ್ಣು ಹಸಿರು ತಿರುಗುತ್ತದೆ. ಕೆಟ್ಟಿದೆ ಎಂದು ಎಸೆಯಬೇಡಿ. ಆಂಥೋಸಯನಿನ್ ಹುಳಿಯಲ್ಲಿ ಕೆಂಪು, ಕ್ಷಾರದಲ್ಲಿ ನೀಲಿ-ಹಸಿರು. ಮಕ್ಕಳಿಗೆ ತೋರಿಸೋಕೆ ಚೆನ್ನಾಗಿರುತ್ತದೆ.

ಸಂಪಾದಕರಲ್ಲಿ ಒಂದು ಕೋರಿಕೆ. ಮುಂದಿನ ಸಲ ಇಂಥ ಪುಟ ಮಾಡುವಾಗ ಮೂಲೆಯಲ್ಲಿ ಒಂದು ಚಿಕ್ಕ ಚೌಕ ಬಿಡಿ. ಎಷ್ಟು ತಿಂದವರಲ್ಲಿ ಆ ಫಲ ಕಂಡಿತು, ಅವರು ತಿಂದದ್ದು ಹಣ್ಣೋ ಪುಡಿಯೋ, ಯಾವ ಮಾತ್ರೆ ನುಂಗುವವರು ಮೊದಲು ವೈದ್ಯರನ್ನು ಕೇಳಬೇಕು, ಇಷ್ಟನ್ನು ಅದರಲ್ಲಿ ಹಾಕಿ. ಜಾಗ ಸಾಲದಿದ್ದರೆ ಹಣ್ಣಿನ ಫೋಟೊ ಸ್ವಲ್ಪ ಚಿಕ್ಕದಾದರೂ ನಡೆಯುತ್ತದೆ.

ಇಂತಿ,
ಆಸ್ಪತ್ರೆಯ ಔಷಧ ವಿಭಾಗದ ಓದುಗಿ