ಮೀನಿನ ತೊಟ್ಟಿಯ ಮೇಲೆ 230 ವೋಲ್ಟ್ ಬೇಡ

ಮಾನ್ಯರೇ,

ಮನೆಯ ಅಕ್ವೇರಿಯಂಗೆ ಎಲ್‌ಇಡಿ ದೀಪ ಮಾಡಿಕೊಳ್ಳುವುದು ಸುಲಭ, ಖರ್ಚೂ ಕಡಿಮೆ. ಆದರೆ ಅದಕ್ಕೆ ಅನೇಕರು ‘ಡಿಒಬಿ’ (ಡ್ರೈವರ್ ಆನ್ ಬೋರ್ಡ್, ಅಂದರೆ ಎಲ್‌ಇಡಿ ಉರಿಸುವ ಸರ್ಕ್ಯೂಟ್ ಫಲಕದ ಮೇಲೇ ಇರುವಂಥದು) ಎಂದು ಬಿಡಿಯಾಗಿ ಸಿಗುವ ಎಲ್‌ಇಡಿ ಫಲಕವನ್ನೋ ಹಳೆಯ ಬಲ್ಬಿನಿಂದ ಬಿಚ್ಚಿದ ಬಿಲ್ಲೆಯನ್ನೋ ಬಳಸುತ್ತಿದ್ದಾರೆ. ಅಡಾಪ್ಟರ್ ಬೇಡ, ಎರಡು ವೈರು ಸೇರಿಸಿ ಪ್ಲಗ್ ಹಾಕಿದರೆ ಉರಿಯುತ್ತದೆ ಎಂಬುದೇ ಇದರ ಆಕರ್ಷಣೆ. ಅಪಾಯವೂ ಅಲ್ಲೇ ಇದೆ. ನಡುವೆ ಟ್ರಾನ್ಸ್‌ಫಾರ್ಮರ್ ಇಲ್ಲದ್ದರಿಂದ ಫಲಕದ ಮೇಲೆ ಕಾಣುವ ಒಂದೊಂದು ಬೆಸುಗೆ ಚುಕ್ಕಿಯೂ ನೇರವಾಗಿ 230 ವೋಲ್ಟಿಗೆ ಸೇರಿರುತ್ತದೆ. ತೊಟ್ಟಿಯ ಆವಿ ಅದರ ಮೇಲೆ ಹನಿಗಟ್ಟಿದಾಗ ಮೇವು ಹಾಕಲು ಮಗು ಮುಚ್ಚಳ ಎತ್ತಿದರೆ ಗತಿಯೇನು? ಕರೆಂಟ್ ಮಿತಿಮೀರಿದರೆ ತಾನೇ ಬೀಳುವ ಸ್ವಿಚ್ಚಾದ ಎಂಸಿಬಿಯನ್ನು ನಂಬುವಂತಿಲ್ಲ. ಅದು ಬೀಳಲು ಹಲವು ಆಂಪಿಯರ್ ಹರಿಯಬೇಕು. ಜೀವ ಹೋಗಲು ಅದರ ನೂರರಲ್ಲೊಂದು ಪಾಲು ಸಾಕು. ಮೀನಿನ ತೊಟ್ಟಿ ಇರುವ ಮನೆಯಲ್ಲಿ ಸ್ವಲ್ಪ ಕರೆಂಟ್ ಸೋರಿದರೂ ತಾನೇ ಬೀಳುವ, 30 ಮಿಲಿಆಂಪಿಯರಿನ ಆರ್‌ಸಿಸಿಬಿ ಸ್ವಿಚ್ ಇರಲೇಬೇಕು.

ಸುರಕ್ಷಿತ ದಾರಿ ಅಡಾಪ್ಟರಿನಿಂದ ಉರಿಯುವ 12 ವೋಲ್ಟಿನ ಎಲ್‌ಇಡಿ ಸ್ಟ್ರಿಪ್ (ಪಟ್ಟಿ). ಎರಡು ಅಡಿ ಉದ್ದ, ಒಂದು ಅಡಿ ಅಗಲ ಮತ್ತು ಎತ್ತರದ ತೊಟ್ಟಿಯಲ್ಲಿ ಸುಮಾರು 50 ಲೀಟರ್ ನೀರು ಹಿಡಿಯುತ್ತದೆ. ಅದಕ್ಕೆ ಮೀಟರಿಗೆ 60 ಎಲ್‌ಇಡಿ ಇರುವ, 14.4 ವ್ಯಾಟಿನ ‘5050’ (5 ಮಿ.ಮೀ. ಚೌಕದ ಎಲ್‌ಇಡಿಯ) ಸ್ಟ್ರಿಪ್, 6500 ಕೆಲ್ವಿನ್ ಬಿಳಿ ಬೆಳಕಿನದು, 55 ಸೆಂ.ಮೀ. ಉದ್ದದ ಎರಡು ತುಂಡು ಸಾಕು. ಮೂರು ಎಲ್‌ಇಡಿಗೊಂದರಂತೆ, ಅಂದರೆ 5 ಸೆಂ.ಮೀ.ಗೊಮ್ಮೆ, ಕತ್ತರಿ ಗುರುತು ಇರುತ್ತದೆ. ಬೇರೆ ಕಡೆ ಕತ್ತರಿಸಿದರೆ ಆ ಮೂರೂ ಉರಿಯವು. ಎರಡೂ ತುಂಡು ಸೇರಿ 16 ವ್ಯಾಟ್, ಅಂದರೆ 1.3 ಆಂಪಿಯರ್. ಅಡಾಪ್ಟರ್ 2 ಆಂಪಿಯರಿನದಿರಲಿ. ಲೆಕ್ಕಕ್ಕೆ ಸರಿಯಾಗಿ ತಂದರೆ ದಿನವೂ ಗಂಟೆಗಟ್ಟಲೆ ಬಿಸಿಯಾಗಿ ಬೇಗ ಕೆಡುತ್ತದೆ. ಬಿಐಎಸ್ ನೋಂದಣಿ ಗುರುತು ಇಲ್ಲದ್ದನ್ನು ಮುಟ್ಟಲೇಬೇಡಿ.

ಸ್ಟ್ರಿಪ್ಪಿನ ಹಿಂದಿನ ಗಮ್ಮನ್ನು ನಂಬಿ ಮುಚ್ಚಳಕ್ಕೆ ಅಂಟಿಸಿದರೆ ತೇವಕ್ಕೆ ಕಳಚಿ ನೀರಿಗೆ ಬೀಳುತ್ತದೆ. ಅಲ್ಯೂಮಿನಿಯಂ ಚಾನೆಲಿಗೆ ಅಂಟಿಸಿ, ಎರಡು ಕಡೆ ಕ್ಲಿಪ್ ಹಾಕಿ, ಗಾಜಿನ ಮುಚ್ಚಳದ ಮೇಲಿಡಿ. ಬಿಸಿ ಹೋಗಲು ಲೋಹವೇ ದಾರಿ. ದಪ್ಪ ಸಿಲಿಕಾನ್ ಕೊಳವೆಯೊಳಗೆ ತುರುಕಿದ ಸ್ಟ್ರಿಪ್ ನೀರಿಗೆ ಜಗ್ಗದಿರಬಹುದು, ಆದರೆ ಬಿಸಿ ಒಳಗೇ ಉಳಿದು ಕೊಳವೆ ಹಳದಿಯಾಗಿ ಬೆಳಕು ಮಂಕಾಗುತ್ತದೆ.

ಬಹಳ ಜನ ಎಡವುವುದು ಸ್ಟ್ರಿಪ್ಪಿಗೆ ವೈರು ಸೇರಿಸಿದ ಬೆಸುಗೆಗೆ ನೀರು ತಾಗದಿರಲೆಂದು ಮೆತ್ತುವ ಸಿಲಿಕಾನ್ ಅಂಟಿನಲ್ಲಿ. ತೊಟ್ಟಿಯ ಗಾಜು ಕೂಡಿಸಲು ತಂದು ಉಳಿದದ್ದನ್ನೇ ಇಲ್ಲಿಗೂ ಹಚ್ಚುತ್ತಾರೆ. ವಿನೆಗರ್ ವಾಸನೆಯ ಆ ಸಿಲಿಕಾನ್ ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ. ಕೆಲವು ವಾರ ಬಿಟ್ಟು ಕೆರೆದು ನೋಡಿದರೆ ತಾಮ್ರದ ಎಳೆಗಳು ಹಸಿರು ಕಟ್ಟಿರುತ್ತವೆ, ವೈರು ಎಳೆದರೆ ಕಿತ್ತು ಬರುತ್ತದೆ. ಬೆಸುಗೆಗೆ ‘ನ್ಯೂಟ್ರಲ್ ಕ್ಯೂರ್’ (ಆ ಆಮ್ಲ ಬಿಡದೆ ಒಣಗುವಂಥದು) ಎಂದು ಬರೆದಿರುವುದನ್ನೇ ಕೇಳಿ ತನ್ನಿ. ತಾಮ್ರದ ಚೂರು ನೀರಿಗೆ ಬೀಳದಂತೆಯೂ ನೋಡಿಕೊಳ್ಳಿ. ಸಿಗಡಿಗಳಿಗೆ ಅದು ವಿಷ.

ಅಡಾಪ್ಟರನ್ನು ತೊಟ್ಟಿಯ ಮೇಲಾಗಲಿ ಕೆಳಗಾಗಲಿ ಇಡದೆ ಪಕ್ಕದ ಗೋಡೆಗೆ ಹಾಕಿ. ವೈರು ಪ್ಲಗ್ಗಿಗಿಂತ ಒಂದು ಗೇಣು ಕೆಳಗೆ ಇಳಿದು ಮೇಲೇರಲಿ. ಆಗ ವೈರಿನ ಗುಂಟ ಇಳಿದ ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ, ಸಾಕೆಟ್ ಸೇರುವುದಿಲ್ಲ.

ಮೊದಲ ತಿಂಗಳು ದಿನಕ್ಕೆ ಆರು ಗಂಟೆ ಬೆಳಕು ಸಾಕು, ಟೈಮರ್ ಇದ್ದರೆ ಒಳ್ಳೆಯದು. ಜಾವಾ ಫರ್ನ್, ಅನೂಬಿಯಸ್, ವ್ಯಾಲಿಸ್ನೇರಿಯಾ ಇಷ್ಟರಲ್ಲೇ ಬೆಳೆಯುತ್ತವೆ. ಹನ್ನೆರಡು ಗಂಟೆ ಉರಿಸಿದರೆ ಗಿಡಕ್ಕಿಂತ ಮುಂಚೆ ಪಾಚಿ ಬೆಳೆಯುತ್ತದೆ. ಬೋರ್‌ವೆಲ್ ನೀರಾದರೆ ಮುಚ್ಚಳದ ಗಾಜಿನ ಮೇಲೆ ಬಿಳಿ ಕರೆ ಕಟ್ಟಿ ಬೆಳಕು ಕುಂದುತ್ತದೆ. ನಿಂಬೆ ಹೋಳಿನಿಂದ ಉಜ್ಜಿ, ತೊಳೆದು ಮತ್ತೆ ಮುಚ್ಚಿ.

ಡಿಒಬಿ ಫಲಕಗಳನ್ನು ಅಕ್ವೇರಿಯಂ ದೀಪವೆಂದು ಮಾರುವುದನ್ನು ಅಂಗಡಿಯವರು ದಯವಿಟ್ಟು ನಿಲ್ಲಿಸಬೇಕು. ಈಗಾಗಲೇ ಹಾಕಿಸಿಕೊಂಡವರು ಸ್ವಿಚ್ ಆರಿಸಿದರೆ ಸಾಲದು. ಪ್ಲಗ್ ಪೂರ್ತಿ ಕಿತ್ತ ಮೇಲೆಯೇ ತೊಟ್ಟಿಗೆ ಕೈ ಹಾಕಿ, ಆ ಫಲಕವನ್ನು ಇಂದೇ ತೆಗೆಯಿರಿ.

– ಅಕ್ವೇರಿಯಂ ಹವ್ಯಾಸಿಗಳು, ಬೆಂಗಳೂರು