ಮೊದಲು ಬಿಪಿ ನೋಡಿ, ಆಧಾರ್ ಆಮೇಲೆ ಕೇಳಿ

ಮಾನ್ಯ ಸಂಪಾದಕರೇ,

ಮಂಗಳೂರು ಬಳಿಯ ಕೊಣಾಜೆಯ ಅಫ್ಘನ್ ಗರ್ಭಿಣಿಗೆ ಆಸ್ಪತ್ರೆಯಲ್ಲಿ ಚಿಕಿತ್ಸೆ ಸಿಗದ ಸುದ್ದಿಯಲ್ಲಿ, ಅವಳು ‘ದಾಖಲೆ ಒದಗಿಸಲಿಲ್ಲ’ ಎಂದು ನಿನ್ನೆ ಬರೆದಿದ್ದೀರಿ. ಅವಳನ್ನು ಕಾರಿನಲ್ಲಿ ಕರೆದೊಯ್ದವನು ನಾನೇ. ನಮ್ಮ ಮಹಡಿಯ ಬಾಡಿಗೆಯವರು. ಗಂಡ ಓದಲು ಬಂದವನು. 2021ರಲ್ಲಿ ಕಾಬೂಲ್ ತಾಲಿಬಾನ್ ಕೈಸೇರಿದ ಮೇಲೆ ಹಿಂದಿರುಗುವ ದಾರಿ ಮುಚ್ಚಿತು.

ರಾತ್ರಿ ಹನ್ನೊಂದಕ್ಕೆ ಮಳೆಯಲ್ಲಿ ಹೊರಟೆವು. ತೊಕ್ಕೊಟ್ಟಿನಲ್ಲಿ ಬ್ಲಾಕ್, ಪಂಪ್‌ವೆಲ್‌ನಲ್ಲಿ ಮೊಣಕಾಲುದ್ದ ನೀರು. ನಗರದ ಆಸ್ಪತ್ರೆಯೊಂದರ ಕೌಂಟರಿನಲ್ಲಿ ಆಧಾರ್ ಇಲ್ಲದೆ ‘ಸಿಸ್ಟಮ್ ತಗೊಳ್ಳುವುದಿಲ್ಲ’ ಎಂದರು. ಪಾಸ್‌ಪೋರ್ಟ್ ಕೊಟ್ಟರೆ ವೀಸಾ ಮುಗಿದಿದೆ. ದೆಹಲಿಯಲ್ಲಿರುವ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಯುಎನ್‌ಎಚ್‌ಸಿಆರ್ ಕಚೇರಿಗೆ ಹಾಕಿದ ಅರ್ಜಿ ತೋರಿಸಿದರೆ ತಿರುಗಿಯೂ ನೋಡಲಿಲ್ಲ. ಠಾಣೆಯಿಂದ ಲೆಟರ್ ತನ್ನಿ, ಇಪ್ಪತ್ತು ಸಾವಿರ ಮುಂಗಡ ಕಟ್ಟಿ! ಎಟಿಎಂ ಹುಡುಕಿ ಪೂರ್ತಿ ಒದ್ದೆಯಾದೆ.

ಇಷ್ಟಾದರೂ ಅವಳ ಬಿಪಿ ಯಾರೂ ನೋಡಲಿಲ್ಲ. ಅವಳಿಗೆ ದರಿ ಭಾಷೆ ಮಾತ್ರ ಬರುತ್ತದೆ. ಗಂಡ ಅದನ್ನು ಇಂಗ್ಲಿಷಿಗೆ ತರಬೇಕು, ನಾನು ಕನ್ನಡಕ್ಕೆ. ತಲೆನೋವು ಎಂದದ್ದು ನರ್ಸಿಗೆ ತಲುಪಿತು. ಕಣ್ಣು ಮಂಜಾಗುತ್ತಿದೆ ಎಂದದ್ದು ಗಂಡನ ಗಾಬರಿಯಲ್ಲಿ ಕಳೆದುಹೋಯಿತು. ಎಂಟನೇ ತಿಂಗಳಲ್ಲಿ ಅದು ಬಿಪಿ ಏರಿ ಫಿಟ್ಸ್ ಬರುವ ಮುನ್ಸೂಚನೆ ಆಗಿರಬಹುದು ಎಂದು ಕೊನೆಗೆ ಹೋದ ಎರಡನೇ ಆಸ್ಪತ್ರೆಯ ಡಾಕ್ಟರು ಹೇಳಿದರು. ಅಲ್ಲಿ ನೋಡುವಾಗ ಬಿಪಿ 170/110. ಈಗಲೂ ಐಸಿಯುವಿನಲ್ಲಿದ್ದಾಳೆ.

1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ, ಗೊತ್ತು. ವೀಸಾದ ವಿಚಾರ ಸರಕಾರ ನೋಡಿಕೊಳ್ಳಲಿ. ಆದರೆ ಜೀವದ ಹಕ್ಕು ಕೊಡುವ ಸಂವಿಧಾನದ 21ನೇ ವಿಧಿಯಲ್ಲಿ ‘ವ್ಯಕ್ತಿ’ ಎಂದಿದೆ, ‘ಪ್ರಜೆ’ ಎಂದಿಲ್ಲ. ಮೊದಲು ಜೀವ ಉಳಿಸಿ, ವಿಧಿವಿಧಾನ ಆಮೇಲೆ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ಊರು ಬಿಟ್ಟು ಬಂದವರು ಈ ಜಿಲ್ಲೆಗೆ ಹೊಸಬರೂ ಅಲ್ಲ. 1964ರ ಭಾರತ–ಲಂಕಾ ಒಪ್ಪಂದದ ನಂತರ ಲಂಕೆಯ ತಮಿಳರನ್ನು ಸುಳ್ಯದ ರಬ್ಬರ್ ತೋಟಗಳಿಗೆ ತಂದು ಕೂರಿಸಿದ್ದು ಸರಕಾರವೇ ಅಲ್ಲವೇ?

ಅಧಿಕಾರಿಗಳಿಗೆ ಇದೆಲ್ಲ ಎಲ್ಲಿ ನೆನಪು! ಪಂಪ್‌ವೆಲ್ ಫ್ಲೈಓವರಿಗೆ ಹತ್ತು ವರ್ಷ ತೆಗೆದುಕೊಂಡವರು ಇವರು, ಅದರಡಿಯ ನೀರಿಗೆ ಇನ್ನೂ ದಾರಿ ಮಾಡಿಲ್ಲ. ಯಾವಾಗ ಹೋದರೂ ಸಾಹೇಬರು ಮೀಟಿಂಗಿನಲ್ಲಿರುತ್ತಾರೆ.

ಜಿಲ್ಲಾಡಳಿತ ದಾಖಲೆ ಕೇಳುವ ಮೊದಲು ರೋಗಿಯನ್ನು ನೋಡಿ ಎಂದು ಎಲ್ಲ ಆಸ್ಪತ್ರೆಗಳಿಗೆ ಕೂಡಲೇ ಆದೇಶ ಕಳಿಸಲಿ, ಇಲ್ಲವೇ ಭಾಷೆ ಬಲ್ಲವರ ಫೋನ್ ನಂಬರನ್ನಾದರೂ ಕೌಂಟರಿನಲ್ಲಿ ಬರೆದಿಡಲಿ. ಯಾರಾದರೂ ಹೊಣೆ ಹೊರಲಿ. ತುಂಬು ಗರ್ಭಿಣಿ ಗೋಡೆ ಹಿಡಿದು ನಿಂತಿರುವಾಗ ಮುಖವೆತ್ತದೆ ಕಂಪ್ಯೂಟರ್ ನೋಡುತ್ತ ಕೂರಲು ನಾಚಿಕೆಯಾಗಬೇಕು.

– ನೊಂದ ಓದುಗ, ಕೊಣಾಜೆ